ಸೆಮಿಸಿಯ ಮೈಯ ಲೆಕ್ಕ

ನುಕುಅಲೋಫಾ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಲವೀನಿಯಾ,

ನಿನ್ನ ಬೆನ್ನುನೋವು ಹೇಗಿದೆ? ಪೇರ್ ಹಣ್ಣಿನ ಪೆಟ್ಟಿಗೆಗಳನ್ನು ಒಬ್ಬಳೇ ಎತ್ತಬೇಡ. ಆಸ್ಟ್ರೇಲಿಯಾದವರ ತೋಟವೇನೂ ನಿನ್ನ ಸೊಂಟದ ಮೇಲೆ ನಿಂತಿಲ್ಲ. ಮಕ್ಕಳು ಚೆನ್ನಾಗಿದ್ದಾರೆ, ನನ್ನ ಅಂಗಡಿಯ ಬಿಸ್ಕತ್ತು ತಿಂದು ಇನ್ನೂ ಚೆನ್ನಾಗಾಗಿದ್ದಾರೆ. ನಿನ್ನ ಗಂಡನ ವಿಷಯ ಮಾತ್ರ ಗಿರಾಕಿಗಳ ಮಧ್ಯೆ ನಿಂತು ಫೋನಿನಲ್ಲಿ ಹೇಳುವಂಥದ್ದಲ್ಲ. ಸೋಮವಾರದ ವಿಮಾನಕ್ಕೆ ಹೊರಟವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಸೆಮಿಸಿ ಒಂದು ಹಿಟ್ಟಿನ ಮೂಟೆ ಎತ್ತಿದರೂ ಏದುಸಿರು ಬಿಡುತ್ತಿದ್ದ. ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಹಿಮೋಗ್ಲೋಬಿನ್ ಹದಿಮೂರೂವರೆ ಬಂತು. ಗಂಡಸರಿಗೆ ಹದಿಮೂರರಿಂದ ಹದಿನೇಳಿದ್ದರೆ ಸರಿಯಂತೆ, ಚೀಟಿಯಲ್ಲೇ ಅಚ್ಚಾಗಿದೆ. "ನೋಡಕ್ಕಾ, ನಾನ್ ಹೇಳ್ಲಿಲ್ವಾ? ನಾನು ಸರಿಯಾಗೇ ಇದೀನಿ, ನಿನ್ನ ಮೂಟೇನೇ ಭಾರ" ಎಂದು ನಕ್ಕ. ನಾನೂ ನಕ್ಕೆ. ಫಿಜಿಯಿಂದ ಬಂದಿರುವ ಹೊಸ ಡಾಕ್ಟರು ರಾಮಸಾಮಿ ನಗಲಿಲ್ಲ. ಇವನು ಚರ್ಚಿನಲ್ಲಿ ವರ್ಷ ವರ್ಷ ರಕ್ತದಾನ ಮಾಡಿದಾಗಿನ ಅಂಕಿಗಳನ್ನೆಲ್ಲ ತೆಗೆಸಿದರು. ಒಂದು ಸಲವೂ ಹದಿನಾರೂವರೆಗಿಂತ ಕೆಳಗಿಲ್ಲ! "ಅಚ್ಚಾಗಿರೋದು ಊರ ಗಂಡಸರ ಲೆಕ್ಕ ಕಣಪ್ಪಾ. ನಿನ್ನ ಮೈಗೆ ಹದಿನೇಳೇ ಸರಿ. ಮಿಕ್ಕಿದ್ದೆಲ್ಲಾ ಎಲ್ಲಿ ಸೋರ್ತಾ ಇದೆ?" ಎಂದರು. ಆಗ ನನಗೆ ಲೆಕ್ಕ ಹೊಳೆಯಿತು. ದಿನಕ್ಕೆ ಐದು ಮೂಟೆ ಮಾರುವ ನನ್ನ ಅಂಗಡಿ ನಾಲ್ಕಕ್ಕಿಳಿದರೆ, ಪಕ್ಕದವನು ಮಾರುವುದೇ ಮೂರು ಎಂದು ನಾನು ಸುಮ್ಮನಿರುತ್ತೇನೆಯೇ?

ಅಷ್ಟರಲ್ಲಿ ಆ ಪುಣ್ಯಾತ್ಮ ನನ್ನೆದುರಿಗೇ ಕೇಳಿಬಿಟ್ಟರು: "ಮಲದಲ್ಲಿ ರಕ್ತ ಹೋಗುತ್ತಾ?" ಅಕ್ಕನ ಮುಂದೆ ತಮ್ಮನಿಗೆ! ನಮ್ಮ ದ್ವೀಪದ ಗಂಡಸರು ಅಕ್ಕತಂಗಿಯರೆದುರು ಒಳಚಡ್ಡಿಯನ್ನೂ ಒಣಹಾಕುವುದಿಲ್ಲ. ಸೆಮಿಸಿ ಕಿವಿ ಕೆಂಪಗೆ ಮಾಡಿಕೊಂಡು ಗೋಡೆ ನೋಡುತ್ತ ಕುಳಿತ. ನಾನೇ ಎದ್ದು ಹೊರಬಂದೆ. ಆಮೇಲೆ ಅವನ ಒಪ್ಪಿಗೆ ಪಡೆದು ಡಾಕ್ಟರೇ ಬಂದು ಹೇಳಿದರು: ಕ್ರಿಸ್ಮಸ್ಸಿನಿಂದ ರಕ್ತ ಹೋಗುತ್ತಿದೆಯಂತೆ, ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಕರುಳಿನಲ್ಲಿ ಗಡ್ಡೆಯಿರಬಹುದು. ಬರುವ ಗುರುವಾರ ಹಿಂಬದಿಯಿಂದ ಕೊಳವೆ ಹಾಕಿ ನೋಡಬೇಕು. ಈಗಲೇ ಸಿಕ್ಕರೆ ಕತ್ತರಿಸಿ ತೆಗೆಯಬಹುದು. ತಡಮಾಡಿದರೆ ತಾವು ಮಾತು ಕೊಡಲಾರರಂತೆ.

ಅಲ್ಲಿ ನಿನ್ನ ಜೊತೆ ದುಡಿಯುವ ನಮ್ಮ ಹೆಂಗಸರಿಗೆಲ್ಲ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಗಂಡನ ಅಕ್ಕ,
ಲೋಸಾಲಿನಾ

ಮ.ಬ.: ಗುರುವಾರ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಕೊಳವೆ ಹಾಕುವ ಕೋಣೆಯ ನರ್ಸು ನಮ್ಮ ಚಿಕ್ಕಪ್ಪನ ಮಗಳು ಸಿಸಿಲಿಯಾ. ಅವಳೂ ತಂಗಿಯೇ ತಾನೆ? "ಸತ್ರೂ ಸರಿ, ತಂಗಿ ಮುಂದೆ ಬಟ್ಟೆ ಬಿಚ್ಚಲ್ಲ" ಎಂದು ಪಾದ್ರಿಯ ಬಾಯಲ್ಲಿ ನನಗೆ ಹೇಳಿಸಿದ್ದಾನೆ. ಸಿಸಿಲಿಯಾಳ ಹತ್ತಿರ ಮಾತಾಡಿ ಮುಗಿಸಿದ್ದೇನೆ. ಗುರುವಾರ ಅವಳಿಗೆ ಜ್ವರ ಬರುತ್ತದೆ. ಇದನ್ನು ಅವನಿಗೆ ಹೇಳುವ ಬಾಯಿ ಅಕ್ಕನಿಗಿಲ್ಲ, ಹೆಂಡತಿಗಿದೆ. ಕಾಗದ ಮಡಚುವ ಮೊದಲು ಅವನಿಗೆ ಫೋನ್ ಮಾಡು.