ತರಕಾರಿ ಚೀಲದ ಅಡಿಯಲ್ಲಿರುವ ಸಮವಸ್ತ್ರ

ಮೀಸಲು ಪಡೆಗಳ ಪುನಾರಚನೆಯ ಮಸೂದೆಯನ್ನು ಸಿದ್ಧಪಡಿಸಿದ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಮಸೂದೆಯ ಪ್ರಕಾರ ಸರ್ಕಾರ ಕರೆದಾಗ ನನ್ನ ಗಂಡ ಸೇನೆಗೆ ಹೋಗಲೇಬೇಕು; ಮರಳಿ ಬಂದಾಗ ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಕಾರ್ಖಾನೆಯ ಇಷ್ಟ. ನನ್ನ ದೂರು ಇಷ್ಟೇ. ನೀವೂ ಕನ್ನಡದವರು, ಭಾನುವಾರ ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಊಟಕ್ಕೆ ಬರುತ್ತೀರಿ ಎಂದು ಕೇಳಿದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ಗಂಡ ಚಂದ್ರಮೋಹನ ಫರೀದಾಬಾದಿನ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಮಾತ್ರ ದೆಹಲಿಯ ಮೀಸಲು ತುಕಡಿಯಲ್ಲಿ ನಾಯಕ್ ದರ್ಜೆಯ ಸೈನಿಕ. ವರ್ಷಕ್ಕೊಮ್ಮೆ ಕ್ಯಾಂಪ್, ಯುದ್ಧದ ಭೀತಿ ಬಂದರೆ ಗಡಿ. ಕಾರ್ಖಾನೆಯಲ್ಲಿ ‘ಸಂಡೇ ಫೌಜಿ’, ಭಾನುವಾರದ ಸೈನಿಕ, ಎಂದು ಆಡಿಕೊಂಡ ಮೇಲೆ ಅವರು ಸಮವಸ್ತ್ರ ಹಾಕಿಕೊಂಡು ಮನೆಯಿಂದ ಹೊರಡುವುದನ್ನು ಬಿಟ್ಟರು. ಅದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೋಗಿ ಅಲ್ಲೇ ಬದಲಾಯಿಸುತ್ತಾರೆ. ಬರುವಾಗ ಓಖ್ಲಾ ಮಂಡಿಯಲ್ಲಿ ಇಳಿದು ಅದರ ಮೇಲೆ ತರಕಾರಿ ತುಂಬಿಕೊಳ್ಳುತ್ತಾರೆ. ಈಗಿನ ಬಾಡಿಗೆ ಮನೆಗೆ ಬಂದ ಮೇಲೆ ಅಕ್ಕಪಕ್ಕದವರಿಗೆ ಗೊತ್ತಿರುವುದು ತರಕಾರಿ ಮಾತ್ರ.

“ನಿಮ್ಮೆಜಮಾನ್ರು ನೋಡ್ರಿ, ಬೆಳಕು ಹರಿಯೋದ್ರೊಳಗೆ ಮಂಡಿಗೆ ಹೊರಡ್ತಾರೆ! ನಮ್ಮವರು ಕೊತ್ತಂಬರಿಗೂ ಗೇಟು ದಾಟಲ್ಲ, ತರಕಾರಿ ಗಾಡಿ ಭಯ್ಯಾನ್ನೇ ಮೇಲೆ ಕರೀತಾರೆ,” ಎನ್ನುತ್ತಾರೆ ಕೆಳಮನೆಯ ಲೀಲಾ. ಮಗಳು ತನ್ವಿ ಒಮ್ಮೆ ಕೇಳಿಯೇಬಿಟ್ಟಳು: “ಅಮ್ಮಾ, ಪಾಪಾ ಫೌಜಿ ಹೈ ಯಾ ಸಬ್ಜಿವಾಲಾ?” ನನ್ನ ಗಂಡ ಹೂಕೋಸು ತೆಗೆದಿಡುತ್ತಾ, “ಎರಡೂ ಕಣೇ. ಒಂದಕ್ಕೆ ಮಾತ್ರ ಕಾರ್ಖಾನೆಯವರು ರಜೆ ಕೊಡ್ತಾರೆ,” ಎಂದರು.

೨೦೦೧ರ ಡಿಸೆಂಬರಿನಲ್ಲಿ ಗಡಿಗೆ ಕರೆ ಬಂತು. ಕಾರ್ಖಾನೆಯ ಮಾಲೀಕರು ಹಾರ ಹಾಕಿ, ಲಾಡು ಹಂಚಿ, ಫೋಟೋ ತೆಗೆಸಿಕೊಂಡರು. ಮರುವರ್ಷ ದೀಪಾವಳಿಯ ಹೊತ್ತಿಗೆ ನನ್ನ ಗಂಡ ರಾಜಸ್ಥಾನದ ಮರಳಿನಿಂದ ಹಿಂತಿರುಗಿದಾಗ ಅವರ ಜಾಗದಲ್ಲಿ ಬೇರೊಬ್ಬರಿದ್ದರು. ಮ್ಯಾನೇಜರು ಚಹಾ ತರಿಸಿ, “ಚಂದರ್‌ಜೀ, ದೇಶಸೇವೆ ಮಾಡಿದ್ದೀರಿ, ಈಗ ಆರಾಮ್ ಮಾಡಿ,” ಎಂದರಂತೆ. ಆಗ ನಮ್ಮ ಕೈಹಿಡಿದದ್ದು ಆ ಹಾರವಲ್ಲ, ಲಾಡುವಲ್ಲ. ಕರೆಸಿಕೊಂಡ ಸೈನಿಕನನ್ನು ಅವನ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲೇಬೇಕು ಎನ್ನುವ ಹಳೆಯ ಕಾಯಿದೆಯ ಒಂದು ಕಲಮು. ಅದನ್ನು ತೋರಿಸಿದ ಮೇಲೆ ಮ್ಯಾನೇಜರು ಎರಡನೇ ಸಲ ಚಹಾ ತರಿಸಲಿಲ್ಲ, ಕೆಲಸ ಕೊಟ್ಟರು.

ನಿಮ್ಮ ಮಸೂದೆಯಲ್ಲಿ ಆ ಕಲಮು ಇಲ್ಲ. ಅದರ ಜಾಗದಲ್ಲಿ, ಮರಳಿ ಸೇರಿಸಿಕೊಳ್ಳುವುದು ‘ಅಪೇಕ್ಷಣೀಯ’ ಎಂದಷ್ಟೇ ಇದೆ, ಕಡ್ಡಾಯವಿಲ್ಲ. ಪುನಾರಚನೆ ಬೇಡವೆಂದು ನಾನು ವಾದಿಸುತ್ತಿಲ್ಲ. ಹಳೆಯ ತುಕಡಿಗಳನ್ನು ಒಗ್ಗೂಡಿಸಿ, ಹೊಸ ಬಂದೂಕು ಕೊಡಿ, ಅದು ನಿಮಗೆ ತಿಳಿದ ವಿಷಯ. ಆದರೆ ಸೈನಿಕನಿಗೆ ಮಾತ್ರ ಯಾವುದೂ ‘ಅಪೇಕ್ಷಣೀಯ’ ಎಂದಿಲ್ಲವಲ್ಲ, ಏಕೆ? ಕರೆಗೆ ಹೋಗದಿದ್ದರೆ ಶಿಕ್ಷೆ ಎಂಬ ಕಲಮನ್ನು ನೀವು ಹಾಗೆಯೇ ಉಳಿಸಿದ್ದೀರಿ. ಒಬ್ಬನೇ ಮನುಷ್ಯನಿಗೆ ಹೋಗುವ ಬಾಗಿಲು ಕಡ್ಡಾಯ, ಬರುವ ಬಾಗಿಲು ಐಚ್ಛಿಕ. ಇದನ್ನು ಸುಧಾರಣೆ ಎಂದು ಕರೆಯಲು ಎಷ್ಟು ಸಭೆಗಳು ಬೇಕಾದವು? ಆ ಸಭೆಗಳಲ್ಲಿ ಕುಳಿತವರಲ್ಲಿ ಯಾರಾದರೂ ತಮ್ಮ ಕುರ್ಚಿಯನ್ನು ಹೀಗೆ ಬಿಟ್ಟು ಎದ್ದುಹೋಗಲು ಒಪ್ಪುವರೇ?

ಮಸೂದೆಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ಮ್ಯಾನೇಜರು ನನ್ನ ಗಂಡನನ್ನು ಕರೆದರು. “ಅಖಬಾರ್ ನೋಡಿದ್ರಾ ಚಂದರ್‌ಜೀ? ಈ ಸಲದ ಕ್ಯಾಂಪಿಗೆ ಖಂಡಿತ ಹೋಗಿ. ವಾಪಸ್ ಬರೋ ತೊಂದರೆ ಮಾತ್ರ ತಗೋಬೇಡಿ.” ಕ್ಯಾಂಪು ಎರಡು ತಿಂಗಳು. ಅದು ಮುಗಿಯುವಷ್ಟರಲ್ಲಿ ನಿಮ್ಮ ಮಸೂದೆ ಕಾಯಿದೆಯಾಗಿರುತ್ತದೆ ಎಂದು ಅದೇ ಪತ್ರಿಕೆ ಬರೆದಿದೆ.

ಆ ಭಾನುವಾರ ಮಂಡಿಯಿಂದ ಬಂದು ಅವರು ಇದನ್ನು ಹೇಳಿದಾಗ ನಾನು ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಕೋಪ ಬರಬೇಕಿತ್ತು, ಬರಲಿಲ್ಲ. ಹಿಟ್ಟು ಹದವಾದ ಮೇಲೂ ಕಲಸುತ್ತಲೇ ಇದ್ದೆ.

“ಹೋಗ್ತೀರಾ?” ಎಂದೆ.

“ಕರೆದಿದ್ದಾರಲ್ಲ ಸರಳಾ.”

“ಕೆಲಸ?”

“ಅದನ್ನ ಕರೆದವರನ್ನೇ ಕೇಳು,” ಎಂದರು. ಚೀಲದಿಂದ ಪಾಲಕ್ ಸೊಪ್ಪು ತೆಗೆದು, ಅದರಡಿಯ ಒದ್ದೆಯಾದ ಸಮವಸ್ತ್ರವನ್ನು ಬಾಲ್ಕನಿಯಲ್ಲಿ ಒಣಹಾಕಿದರು. ಮೊದಲ ಸಲ, ಬೀದಿಗೆ ಕಾಣುವ ಹಾಗೆ.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಹಳೆಯ ಕಲಮನ್ನು ಇದ್ದಂತೆಯೇ ಮರಳಿ ಸೇರಿಸಿ. ಅದು ಸಾಧ್ಯವಿಲ್ಲವೆಂದಾದರೆ ಸೈನಿಕನು ಕರೆಗೆ ಹೋಗುವುದೂ ಅಪೇಕ್ಷಣೀಯ ಎಂದು ಬರೆಯಿರಿ. ದೇಶರಕ್ಷಣೆ ಹಾಗೆ ನಡೆಯುವುದಿಲ್ಲ ಎನ್ನುತ್ತೀರಲ್ಲವೇ? ಸಂಸಾರವೂ ನಡೆಯುವುದಿಲ್ಲ.

ಬರುವ ಸೋಮವಾರ ಅವರು ಟ್ರಂಕು ಹೊತ್ತು ಮೆಟ್ಟಿಲಿಳಿಯುತ್ತಾರೆ. ಎಲ್ಲಿಗೆ ಎಂದು ಲೀಲಾ ಕೇಳುತ್ತಾರೆ. ಈ ಸಲ ನಿಜ ಹೇಳುತ್ತೇನೆ. ಬಂದ ಮೇಲೆ ಕೆಲಸಕ್ಕೆ ಎಲ್ಲಿಗೆ ಎಂದೂ ಕೇಳುತ್ತಾರೆ. ಅದಕ್ಕೆ ಉತ್ತರವನ್ನು ನೀವು ಸೋಮವಾರದೊಳಗೆ ತಿಳಿಸಬೇಕು.

ಇಂತಿ, ಮಂಡಿಗೆ ಹೋದವರ ದಾರಿ ಕಾಯುವ,
ಸರಳಾ ಚಂದ್ರಮೋಹನ
ಫರೀದಾಬಾದ್