ಎರಡು ಗುರುತಿನ ಪುಸ್ತಕ

ಮಗಳೇ,

ಪ್ರಾರ್ಥನೆಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ.

ನೀನು ಓದುತ್ತಿರುವ ಪುಸ್ತಕ ಇವತ್ತೂ ಕುರ್ಚಿಯ ಮೇಲೆ ಬೋರಲು ಬಿದ್ದಿತ್ತು. ಅದರ ಬೆನ್ನು ಮುರಿದೀತು, ತಾಯಿ. ಒಳಗೊಂದು ಕಾಗದವಿಟ್ಟು ಮುಚ್ಚಿದ್ದೇನೆ.

ಗ್ರಂಥಾಲಯಕ್ಕೆ ಹೋದಾಗ ಅಮ್ಮ ಓದುತ್ತಿದ್ದ ಪುಸ್ತಕವನ್ನು ಹಿಂತಿರುಗಿಸಬೇಡ. ಇನ್ನೆರಡು ವಾರ ಬೇಕೆಂದು ಹೇಳು. ಅದರಲ್ಲಿ ಓದಿದ ಪುಟದ ಗುರುತಿಗೆ ಇಟ್ಟ ಅವಳದೊಂದು, ನನ್ನದೊಂದು ಚೀಟಿಯಿದೆ. ಓದಿನಲ್ಲಿ ನಾನು ಯಾವಾಗಲೂ ಅವಳ ಹಿಂದೆಯೇ. "ಏನ್ರೀ, ಇನ್ನೂ ಅಲ್ಲೇ ತೆವಳ್ತಾ ಇದೀರಾ?" ಎಂದು ನಗುತ್ತಿದ್ದಳು. ದೇವರು ಅವಳನ್ನು ಕರೆದುಕೊಂಡ ಮೇಲೂ ದಿನಕ್ಕೆರಡು ಪುಟ ಓದಿದೆ. ನಿನ್ನೆ ಅವಳ ಚೀಟಿಯ ತನಕ ಬಂದೆ. ಅವಳನ್ನು ದಾಟಿ ಹೋಗಲು ಮನಸ್ಸು ಒಪ್ಪಲಿಲ್ಲ.

ಸಂಜೆ ಬಂದವಳು ಅಲ್ಲಿಂದ ಮುಂದಕ್ಕೆ ನೀನೇ ಗಟ್ಟಿಯಾಗಿ ಓದು. ನಾವಿಬ್ಬರೂ ಕೇಳುತ್ತೇವೆ.

ಅಪ್ಪ