ತಗಡಿನ ಮೇಲಿನ ಕುಂಕುಮ

೨೯ ಸೆಪ್ಟೆಂಬರ್ ೨೦೧೬, ಗುರುವಾರ

ಟ್ರ್ಯಾಕ್ಟರ್ ರಿಪೇರಿಯಾಯಿತು. ಸಮಾಧಾನ ಆಗಬೇಕಿತ್ತು, ಆಗಿಲ್ಲ.

ನೇಗಿಲು ಎತ್ತುವ ಲಿಫ್ಟ್ ಏಳದೆ ಎಂಟು ದಿನದಿಂದ ಕಾಲುವೆ ಪಕ್ಕದ ಹೊಲದ ಕೆಲಸ ನಿಂತಿತ್ತು. ಇವತ್ತು ಶಹಾಪುರದ ಡೀಲರ್ ಕಡೆಯಿಂದ ಮೆಕ್ಯಾನಿಕ್ ದ್ಯಾವಪ್ಪ ಬಂದ. ವಾರಂಟಿಗೆ ಚಾಸಿ ನಂಬರಿನ ಫೋಟೊ ಬೇಕೆಂದ. ನಂಬರ್ ಹೊಡೆದ ತಗಡಿನ ಮೇಲೆ ಅರಿಷಿಣ ಕುಂಕುಮ ಬೆರಳು ದಪ್ಪ ಗಟ್ಟಿಯಾಗಿ ಕೂತಿತ್ತು.

“ಎಲ್ಲಾರೂ ಬಾನೆಟ್ಟಿಗಿ ಹಚ್ಚತಾರ. ಇಲ್ಲಿ ಯಾರ್ರಿ ಹಚ್ಚಿದವರು?” ಎಂದ.

“ನಮ್ಮ ಮನಿಯಾಕಿ, ರೇಣಮ್ಮ. ಹಣಿಬರಹ ಇದ್ದಲ್ಲೇ ಹಣಿ ಇರತದ, ಟ್ರ್ಯಾಕ್ಟರಿಗಿ ಬರದದ್ದು ಇಲ್ಲೇ ಅದ ಅಂತಿದ್ಲು.”

ಅವನು ನಕ್ಕ. “ಹಂಗಾದ್ರ ಅವ್ವಾರನ್ನೇ ಕರೀರಿ, ಅವರೇ ತಗೀಲಿ.”

“ಆಷಾಢದಾಗ ತೀರಿಕೊಂಡ್ಲಪಾ.”

ಅವನು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಆ ಕಡೆ ತಿರುಗಿ ನಿಂತ. ನಾನೇ ಒರೆಸಿದೆ. ಹೋದ ವರ್ಷದ ಯುಗಾದಿಯಿಂದ ಅಮಾವಾಸ್ಯೆಗೊಂದು ಪದರ ಹಚ್ಚಿದ್ದಳು. ಎಲ್ಲ ಹೋಗಿ ನಂಬರ್ ಕಂಡಿತು. ಅವನು ಫೋಟೊ ಹೊಡೆದುಕೊಂಡ, ಮಧ್ಯಾಹ್ನದ ಹೊತ್ತಿಗೆ ಲಿಫ್ಟ್ ಎದ್ದಿತು.

ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಆಗ ಊರವರೆಲ್ಲ ಹೇಳಿದ್ದರು. ಅವಳ ಕುಂಕುಮವನ್ನು ಇವತ್ತು ನಾನು ನನ್ನ ಕೈಯಾರೆ ಒರೆಸಿದೆ. ಮೂರು ಸಲ ಕೈ ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗಿಲ್ಲ.

ನಾಳೆ ಅಮಾವಾಸ್ಯೆ. ಅವಳ ಭರಣಿ ತೆಗೆದು ನೋಡಿದೆ, ಕುಂಕುಮ ಇನ್ನೂ ಅರ್ಧ ಇದೆ. ಅರಿಷಿಣ ಮೊದಲು ಹಚ್ಚುತ್ತಿದ್ದಳೋ, ಕುಂಕುಮವೋ, ಯಾವ ಬೆರಳಿನಿಂದಲೋ ಗೊತ್ತಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಸೀಟಿನ ಮೇಲೆ ಕೂತು, ಲಗೂ ಮುಗಿಸು ಎಂದು ಹಾರನ್ ಹೊಡೆಯುತ್ತಿದ್ದೆ. ಒಂದು ಸಲ ಕೆಳಗಿಳಿದು ನೋಡಿದ್ದರೆ…